ಎರಡು ಪಡುವಣದ ಮನೆ

ರೋಹಿಣಿಯನ್ನು ಸೀತೆ ಮೊದಲ ಸಲ ಕಂಡದ್ದು ಒಂದು ತೂತಿನಲ್ಲಿ.

ಸುಗ್ಗಿ ಕಳೆದು ಬಿಸಿಲು ಏರಿದ ಕಾಲ. ಕಾಗಾಲದ ಹೊಳೆಯಲ್ಲಿ ನೀರು ಇಳಿದಿತ್ತು. ಮರಳಿನಡಿಯ ಬಳಚು ಚಿಪ್ಪು ಹೆಕ್ಕುವ ಹೆಂಗಸರೆಲ್ಲ ಬುಟ್ಟಿ ಹಿಡಿದು ಮರಳದಿಬ್ಬದ ಕಡೆ ಮುಂದೆ ಹೋಗಿಬಿಟ್ಟಿದ್ದರು. ಸೀತೆಯದು ಯಾವಾಗಲೂ ನಿಧಾನ. ಗಂಡ ಇದ್ದಾಗಲೂ ನಿಧಾನ, ಗಂಡ ತೀರಿಕೊಂಡ ಮೇಲೆ ಇನ್ನೂ ನಿಧಾನ. ಕಾಲ್ಬೆರಳಲ್ಲಿ ಮರಳು ಕೆದಕಿ, ಚಿಪ್ಪು ತಗುಲಿದರೆ ಬಗ್ಗಿ ತೆಗೆದು, ಸಣ್ಣದಾದರೆ ಅದೇ ಜಾಗದಲ್ಲಿ ಮತ್ತೆ ಹೂತು, ಆಮೇಲೆ ಮುಂದಿನ ಹೆಜ್ಜೆ. ಹಾಗೆ ಬಗ್ಗಿ ಏಳುವಾಗ ದಂಡೆಯ ಮೇಲೆ ಒಂದು ಬಿಳಿಯ ದೋಣಿ ಕಂಡಿತು.

ಅದು ನೀರಿನಲ್ಲಿರಲಿಲ್ಲ. ಎರಡೂ ಬದಿಗೆ ತೆಂಗಿನ ಬೊಡ್ಡೆಗಳ ಊರುಗೋಲು ಕೊಟ್ಟು ನೆಲದ ಮೇಲೆ ನಿಲ್ಲಿಸಿದ್ದರು. ಈ ಹೊಳೆಯ ದೋಣಿಗಳ ಹಾಗಿರಲಿಲ್ಲ. ಹೊಟ್ಟೆಯಡಿಗೆ ದಪ್ಪ ಕತ್ತಿಯಂಥದೊಂದು ಇಳಿಬಿದ್ದಿತ್ತು. ನಡುವೆ ಹಾಯಿಕಂಬ, ಎಳೆ ಅಡಿಕೆ ಮರದಷ್ಟು ಎತ್ತರ. ದಂಡೆ ಹತ್ತಿ ಬಂದು ಸುತ್ತು ಹಾಕಿದರೆ, ಸಮುದ್ರದ ಕಡೆಯ ಪಕ್ಕೆಯಲ್ಲಿ ಸಾಲಾಗಿ ಮೂರು ಕಿಂಡಿ, ಕೋಳಿಮೊಟ್ಟೆಯ ಆಕಾರದವು. ಎರಡಕ್ಕೆ ಗಾಜಿತ್ತು. ಮೂರನೆಯದರಲ್ಲಿ ಗಾಜಿನ ಬದಲಿಗೆ ಒಬ್ಬ ಹೆಂಗಸಿನ ಮುಖವಿತ್ತು.

"ಅಮ್ಮಾ," ಎಂದಿತು ಆ ಮುಖ. "ಒಂದು ಉಪಕಾರ ಮಾಡ್ತ್ರಾ? ಬುಟ್ಟಿ ಅಲ್ಲಿಟ್ಟು, ಈ ಕೊಡದಲ್ಲಿ ನೀರು ತಂದು ಪಕ್ಕದ ಕಿಂಡಿಗೆ ಹೊಡೀರಿ."

ಸೀತೆ ಹಿಂದೆ ಮುಂದೆ ನೋಡಿದಳು. ದಂಡೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಹೊಡದ್ರೆ ಒಳಗೆ ಹೋತದಲ್ಲೆ ಮಾರಾಯ್ತಿ."

"ಹೋಗ್ಲಿ ಅಂತ್ಲೇ. ಎಲ್ಲಿಂದ ಬತ್ತದೆ ಅಂತ ನೋಡೂಕೆ ನಾನು ಒಳಗೆ ಇರ್ಬೇಕು. ಹೊಡಿಯೂಕೆ ಹೊರಗೊಬ್ರು ಬೇಕು. ಒಳಗೂ ಹೊರಗೂ ಒಬ್ಳೇ ಇರೂಕೆ ಆಗೂದಿಲ್ಲ ಅಲ್ದಾ?"

ಎಪ್ಪತ್ತು ಮಳೆಗಾಲ ದಾಟಿದ ಸೀತೆ, ಮಾಡು ಸೋರುತ್ತದೆಂದು ಅಳುವವರನ್ನು ಕಂಡಿದ್ದಳು. ಸೋರುವ ಮಾಡಿನಡಿ ತಪ್ಪಲೆ ಇಟ್ಟು ಮಲಗುವವರನ್ನು ಕಂಡಿದ್ದಳು. ಸೋರಲಿ ಎಂದು ನೀರು ಹೊಡೆಸಿಕೊಳ್ಳುವವಳನ್ನು ಕಂಡದ್ದು ಅಂದೇ. ಕೊಡ ತುಂಬಿ ತಂದಳು.

"ಮೇಲಿಂದ ಬೇಡ," ಎಂದಿತು ಒಳಗಿನ ದನಿ. "ಮೊದ್ಲು ಕೆಳಗಿನ ಅಂಚಿಗೆ. ಸ್ವಲ್ಪ ತಡೀರಿ. ಆಮೇಲೆ ಪಕ್ಕಕ್ಕೆ. ಕಡೆಗೆ ಮೇಲೆ. ಒಂದೇ ಸಲಕ್ಕೆ ಎಲ್ಲ ಕಡೆ ಹೊಡದ್ರೆ ಕಳ್ಳ ಯಾವ್ದು ಅಂತ ಗೊತ್ತಾಗೂದಿಲ್ಲ."

ಈ ಮಾತು ಸೀತೆಗೆ ಹಿಡಿಸಿತು. ಕೆಳಗಿನ ಅಂಚಿಗೆ ಹೊಯ್ದಳು, ಕಾದಳು. ಪಕ್ಕಕ್ಕೆ ಹೊಯ್ದಳು, ಕಾದಳು. ಮೇಲಿನ ಮೂಲೆಗೆ ಹೊಯ್ದಾಗ ಒಳಗಿನಿಂದ, ಕಳೆದ ಕರು ಸಿಕ್ಕವರ ಹಾಗೆ, "ಬಂತು, ಬಂತು" ಎಂಬ ದನಿ ಕೇಳಿತು.

ಏಣಿ ಹತ್ತಿ ಒಳಗೆ ಇಳಿದು ನೋಡಿದರೆ, ದೋಣಿಯೊಳಗೆ ಒಂದು ಮನೆ ಇತ್ತು. ಎರಡು ಬದಿಗೆ ಎರಡು ಮಂಚ, ಮಂಚದಡಿ ಪೆಟ್ಟಿಗೆ, ಒಲೆಗೆ ಮೊರದಗಲದ ಜಾಗ, ಲೋಟಕ್ಕೆ ಲೋಟದಷ್ಟೇ ದೊಡ್ಡ ಗೂಡು. ಬೆಂಕಿಪೆಟ್ಟಿಗೆಯಲ್ಲಿ ಕಡ್ಡಿ ಕೂತ ಹಾಗೆ ಒಂದೊಂದೂ ತನ್ನ ಜಾಗದಲ್ಲಿ ಕೂತಿತ್ತು. ಸೀತೆ ಒಂದು ಲೋಟವನ್ನು ಗೂಡಿನಿಂದ ತೆಗೆದು, ಮತ್ತೆ ಅದೇ ಗೂಡಿಗೆ ಕೂರಿಸಿ ನೋಡಿದಳು. ಆಮೇಲೆ ರೋಹಿಣಿ ಬೆರಳು ಮಾಡಿ ತೋರಿಸಿದ್ದನ್ನು ನೋಡಿದಳು. ನೀರು ಹೊಯ್ದದ್ದು ನಡುವಿನ ಕಿಂಡಿಯ ಮೇಲಿನ ಮೂಲೆಗೆ; ಒಳಗೆ ತೊಟ್ಟಿಕ್ಕುತ್ತಿದ್ದದ್ದು ಅದರಾಚೆಯ ಕಿಂಡಿಯ ಕೆಳಗೆ.

"ಗೋಡೆ ಎರಡು ಪದರ," ಎಂದಳು ರೋಹಿಣಿ. "ಹೊಕ್ಕಲ್ಲಿ ಹೊರಗೆ ಬರೂದಿಲ್ಲ. ನಡುವೆ ಎಲ್ಲೆಲ್ಲೋ ತಿರುಗಾಡಿ ಬತ್ತದೆ."

"ನಾಳೆ ಅಕ್ಕಿಹಿಟ್ಟು ತತ್ತೆ," ಎಂದಳು ಸೀತೆ.

ಮರುದಿನ ಕಿಂಡಿಗಳ ಸುತ್ತ ಒಳಬದಿಗೆ ಅಕ್ಕಿಹಿಟ್ಟನ್ನು ಬಟ್ಟೆಯಲ್ಲಿ ಒತ್ತಿ ಹಚ್ಚಿದರು. ಹೊರಗಿನಿಂದ ನೀರು ಬಿದ್ದಾಗ ಬಿಳಿ ಹಿಟ್ಟಿನ ಮೇಲೆ ಒಂದು ಸ್ಕ್ರೂವಿನ ಬುಡದಿಂದ ಕಪ್ಪನೆಯ ಗೆರೆಯೊಂದು ಹೊರಟು, ಬಾಗಿ, ಮತ್ತೆ ನೆಟ್ಟಗೆ ಇಳಿಯಿತು. ನೀರು ತನ್ನ ದಾರಿಯನ್ನು ತಾನೇ ತೋರಿಸಿಕೊಟ್ಟಿತು. "ಗೋವೆಲಿ ದೋಣಿ ಕಟ್ಟೂ ಯಾರ್ಡಲ್ಲಿ ನಾವು ಸೀಮೆಸುಣ್ಣದ ಪುಡಿ ಹಾಕ್ತಿದ್ವಿ. ಇದು ಇನ್ನೂ ಚಂದ ಕಾಣ್ತದೆ," ಎಂದು ರೋಹಿಣಿ ಆ ಗೆರೆಯನ್ನು ಅಳಿಸದೆ ಬಹಳ ಹೊತ್ತು ನೋಡಿದಳು.

ಹೀಗೆ ಶುರುವಾಯಿತು. ಇಳಿತದಲ್ಲಿ ಬಳಚು, ನೀರು ಏರುವ ಭರತದಲ್ಲಿ ದೋಣಿ ಎಂದು ಸೀತೆಯ ದಿನ ಎರಡಾಯಿತು. ರೋಹಿಣಿ ಯಾರು, ಎಲ್ಲಿಯವಳು ಎಂಬುದು ಅವಳಿಗೆ ತಿಳಿದದ್ದು ಹಳೆಯ ಅಂಟನ್ನು ಹೆರೆಯುತ್ತ ಕೂತ ಆ ದಿನಗಳಲ್ಲಿ, ತುಂಡು ತುಂಡಾಗಿ.

ರೋಹಿಣಿ ಹೊಳನಗದ್ದೆಯ ವೆಂಕ್ಟ್ರಮಣನ ಹಿರಿಮಗಳು. ತಂದೆ ಗದ್ದೆ ಕೂಲಿ. ಲಂಗ ಉಡುವ ವಯಸ್ಸಿನಲ್ಲೇ ಸೋದರತ್ತೆಯ ಸಂಗಡ ಗೋವೆಗೆ ಹೋಗಿ, ದೋಣಿ ಕಟ್ಟುವ ಯಾರ್ಡೊಂದರಲ್ಲಿ ಗುಡಿಸುವ ಕೆಲಸ ಹಿಡಿದಳು. ಗುಡಿಸುತ್ತ ಗುಡಿಸುತ್ತ ಗಾಜಿನೆಳೆಯ ಫೈಬರ್ ಬಟ್ಟೆ ಕತ್ತರಿಸುವುದನ್ನು ಕಲಿತಳು. ಅದಕ್ಕೆ ರಾಳ ಬಳಿಯುವುದನ್ನು ಕಲಿತಳು. ಆಮೇಲೆ ಹಳೆಯ ಹಾಯಿದೋಣಿಗಳ ಕಿಂಡಿ, ಬಾಗಿಲು, ನೆಲ ಬಿಚ್ಚಿ ಜೋಡಿಸುವುದನ್ನು. ರಿಪೇರಿಯಾದ ದೋಣಿಯನ್ನು ನೀರಿಗೆ ಇಳಿಸಿ ಹಾಯಿ ಕಟ್ಟಿ ನೋಡುವಾಗ ಹಗ್ಗ ಹಿಡಿಯುವುದಕ್ಕೆ ಒಬ್ಬರು ಬೇಕು. ಅದಕ್ಕೂ ಅವಳೇ. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಒಂದು ದೋಣಿ ಅರ್ಧ ಬಿಚ್ಚಿಕೊಂಡು ಕೂತಿರುತ್ತಿತ್ತು. ಕೂದಲು ನರೆಯುವ ಹೊತ್ತಿಗೆ ಯಾರ್ಡು ಮುಚ್ಚಿತು. ಮೂಲೆಯಲ್ಲಿ ಬಳ್ಳಿ ಹಬ್ಬಿಸಿಕೊಂಡು ಬಿದ್ದಿದ್ದ ಈ ಹಳೆಯ ದೋಣಿ ಯಾರಿಗೂ ಬೇಡವಾಗಿತ್ತು. ಬೇಕಾದರೆ ಒಯ್ಯಿ, ಬೇಡವಾದರೆ ಒಡೆಸುತ್ತೇನೆ ಎಂದ ಯಜಮಾನ. ಒಡೆಸುವುದನ್ನು ನೋಡಲಾರದೆ ಅವಳು ತನಗೇ ಬೇಕು ಎಂದಳು. ಮೀನಿನ ಬೋಟೊಂದು ಅದನ್ನು ಸಮುದ್ರದಲ್ಲಿ ಎಳೆದುಕೊಂಡು ಬಂದು ಕಾಗಾಲದ ಹೊಳೆಗೆ ಬಿಟ್ಟಿತು. ದಂಡೆಯ ಜಾಗ ಕೊಟ್ಟವನು ದಾಸ, ಹೊಳೆಯಲ್ಲಿ ಪಾತಿದೋಣಿ ಇಟ್ಟುಕೊಂಡು ಜನ ದಾಟಿಸುವವನು.

ಆ ದೋಣಿಯಲ್ಲೇ ಉಳಿದ ಆಯುಷ್ಯ ಇರಬೇಕೆಂಬುದು ರೋಹಿಣಿಯ ಆಸೆ. ಹೊನ್ನಾವರದ ಬಂದರಿನಲ್ಲಿ, ಭಟ್ಕಳದ ಬಂದರಿನಲ್ಲಿ ಮೀನಿನ ಬೋಟುಗಳಿಗೆ ಫೈಬರ್ ಹಾಕುವ ಕೆಲಸ ಬೇಕಾದಷ್ಟಿದೆ. ಕೆಲಸ ಇದ್ದಲ್ಲಿಗೆ ಮನೆಯೇ ಹೋದರೆ ಆಯಿತು.

"ತಮ್ಮನ ಮನೆ ಇಲ್ಲೇ ಅಲ್ದಾ?" ಎಂದು ಸೀತೆ ಕೇಳಿದ್ದಳು.

"ಅಲ್ಲಿ ನಂಗೆ ಕೋಣೆನೂ ಅದೆ, ಸೀತಕ್ಕ. ಎಂತದೂ ಕಮ್ಮಿ ಇಲ್ಲ. ಆದ್ರೆ ಅಲ್ಲಿ ನಾನು ಬಂದವಳು. ಇಲ್ಲಿ ನೀವು ಬಂದವ್ರು."

ತಮ್ಮ ನಾಗೇಶ ಕುಮಟಾ–ಹೊನ್ನಾವರ ಟೆಂಪೋ ಓಡಿಸುವವನು. ರಜೆಯ ಒಂದು ದಿನ ಬಾಳೆಹಣ್ಣಿನ ಚಿಪ್ಪು ಹಿಡಿದು ದಂಡೆಗೆ ಬಂದ. ಚಪ್ಪಲಿ ಏಣಿಯ ಕೆಳಗೆ ಬಿಟ್ಟು ಒಳಗೆ ಬಂದು, ತಲೆ ತಾಗಿಸಿಕೊಂಡು, ಮಂಚದ ಮೇಲೆ ಕೂತ.

"ಅಕ್ಕಾ, ಕೋಣೆಗೆ ಫ್ಯಾನು ಹಾಕ್ಸಿದ್ದೆ. ನೀ ಇಲ್ಲಿ ಬಂದು ಡಬ್ಬಿಲಿ ಕೂತದ್ದೆ."

"ಡಬ್ಬಿ ಅಂದ್ರೆ ಅದ್ಕೆ ಬೇಜಾರಾತದೆ. ಮೆಲ್ಲಗೆ ಹೇಳು."

"ತಮಾಷೆ ಸಾಕು. ಡಾಕ್ಟ್ರು ಎಂತ ಹೇಳಿದ್ರು, ಇವ್ರಿಗೆ ಹೇಳಿದ್ಯಾ?" ನಾಗೇಶ ಸೀತೆಯ ಕಡೆ ತಿರುಗಿದ. "ಇವಳ ಎದೆಲಿ ಗಾಜಿನ ಧೂಳು ಕೂತದೆ ಅಮ್ಮ. ಅಷ್ಟು ವರ್ಷ ಆ ಫೈಬರ್ ಉಜ್ಜಿ ಉಜ್ಜಿ. ಒದ್ದೆಲಿ ಮಲಗೂಕೆ ಇಲ್ಲ ಅಂದಿದ್ರು. ಒಂದು ಮಳೆಗಾಲ ಒದ್ದೆ ಹಾಸಿಗೆ ಆದ್ರೆ ಮುಗತು ಅಂದಿದ್ರು."

ಸೀತೆ ಕೈಯಲ್ಲಿದ್ದ ಅಲಗನ್ನು ಕೆಳಗಿಟ್ಟಳು. ರೋಹಿಣಿಯ ಕೆಮ್ಮು ಅವಳಿಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

"ಒದ್ದೆ ಆದ್ರೆ ಅಲ್ದಾ?" ಎಂದಳು ರೋಹಿಣಿ.

"ಆತು. ಆರಿದ್ರೆ ಮಳೆ ಹಿಡೀಲಿ. ನಾ ಬಂದು ಹಾಸಿಗೆ ಮುಟ್ಟಿ ನೋಡ್ತೆ. ಒಂದು ಬೊಟ್ಟು ನೀರು ಕಂಡ್ರೂ ನೀ ಟೆಂಪೋ ಹತ್ತೂದು. ದೋಣಿ ದಾಸಂಗೆ ಬಿಡೂದು, ಅಂವ ಒಡ್ದು ಎಂತ ಬೇಕಾದ್ರೂ ಮಾಡ್ಕಳ್ಲಿ."

"ಕಾಣದೆ ಇದ್ರೆ?"

"ಮತ್ತೆ ನಾ ಈ ವಿಷ್ಯಕ್ಕೆ ಬಾಯಿ ಬಿಡೂದಿಲ್ಲ."

"ಸೀತಕ್ಕ ಸಾಕ್ಷಿ," ಎಂದು ರೋಹಿಣಿ ಒಂದು ಬಾಳೆಹಣ್ಣು ಸುಲಿದು ತಮ್ಮನ ಕೈಗೆ ಕೊಟ್ಟಳು.

ಅಲ್ಲಿಂದ ಮುಂದೆ ಕೆಲಸಕ್ಕೆ ಬೇರೆಯದೇ ಭಾರ ಬಂತು. ರೋಹಿಣಿ ಒಂದೊಂದೇ ಕಿಂಡಿಯ ಚೌಕಟ್ಟನ್ನು ಪೂರ್ತಿ ಬಿಚ್ಚಿದಳು. ಬಿಚ್ಚದೆ ಮೇಲಷ್ಟೇ ಅಂಟು ಬಳಿದು ಮುಚ್ಚುವುದು ಅವಳಿಗೆ ಆಗದು. "ಗಾಯದ ಮೇಲೆ ಕುಂಕುಮ ಹಚ್ಚಿದ ಹಾಗೆ ಅದು," ಎನ್ನುವಳು. ಬಿಚ್ಚಿದರೆ ಗೋಡೆಯ ಎರಡು ಪದರದ ನಡುವಿನ ತಿರುಳು ನೆನೆದು ಅವಲಕ್ಕಿಯಂತೆ ಆಗಿತ್ತು. ಅದನ್ನು ಕೆದಕಿ ತೆಗೆದು, ಬಿಸಿಲಿಗೆ ಬಿಟ್ಟು, ಒಣಗಿದೆಯೇ ಎಂದು ಕೆನ್ನೆ ಒತ್ತಿ ನೋಡಿ, ಆ ಸಂದಿಗೆ ರಾಳ ತುಂಬಿದಳು. ಆಮೇಲೆ ಚೌಕಟ್ಟಿನ ಸುತ್ತ ಹೊಸ ಕಪ್ಪು ಅಂಟನ್ನು ಒಂದೇ ಎಳೆಯಲ್ಲಿ, ಎಲ್ಲಿಯೂ ತುಂಡಾಗದ ಹಾಗೆ ಬಿಟ್ಟಳು. ಸೀತೆ ಹತ್ತಿರ ಬಗ್ಗಿ ನೋಡಿದಳು. ಗಣಪತಿಯ ಮುಂದೆ ರಂಗೋಲಿ ಎಳೆಯುವವರ ಕೈ ಕೂಡ ಅಷ್ಟು ನಿಲ್ಲುವುದಿಲ್ಲ.

ಚೌಕಟ್ಟು ಕೂರಿಸಿ ಸ್ಕ್ರೂ ಹಾಕುವಾಗ ಅವಳು ಪೂರ್ತಿ ಬಿಗಿಯಲಿಲ್ಲ. ಕಡುಬಿನ ಬಾಯಿಂದ ಹೂರಣ ಇಣುಕುವ ಹಾಗೆ ಸುತ್ತಲೂ ಅಂಟು ಸಣ್ಣಗೆ ಇಣುಕಿದ್ದೇ ನಿಲ್ಲಿಸಿಬಿಟ್ಟಳು.

"ಸಡಿಲ ಅದೆಯಲ್ಲೆ," ಎಂದಳು ಸೀತೆ.

"ಇರ್ಲಿ. ಈಗ್ಲೇ ಬಿಗದ್ರೆ ಅಂಟೆಲ್ಲ ಹೊರಗೆ ಬಂದು ನಡುವೆ ಎಂತದೂ ಉಳಿಯೂದಿಲ್ಲ. ಅದು ತನ್ನಷ್ಟಕ್ಕೆ ಗಟ್ಟಿ ಆಗ್ಲಿ. ಆಮೇಲೆ ಒಂದು ಸುತ್ತು. ಬಿಗಿಯೂದು ಎಲ್ಲರಿಗೂ ಬತ್ತದೆ, ಬಿಡೂದು ಬರೂದಿಲ್ಲ."

ಹೀಗೆ ಮೂರು ಕಿಂಡಿ ಆದವು, ಪಡುವಣದ ಮೂರು. ಆಚೆಯ ಪಕ್ಕೆಯಲ್ಲಿದ್ದ ಮೂಡಣದ ಮೂರನ್ನು ಅವರು ಮುಟ್ಟಲಿಲ್ಲ. ಮಳೆಗಾಲಕ್ಕೆ ಮೊದಲಿನ ಗುಡುಗುಮಳೆ ಎರಡು ಸಲ ಬಂದು ಹೋಗಿತ್ತು. ಆಗ ಮೂಡಣದ ಕಿಂಡಿಗಳಿಂದ ಒಂದು ಹನಿಯೂ ಬಂದಿರಲಿಲ್ಲ. ಸೋರದ್ದನ್ನು ಬಿಚ್ಚಿ ಸೋರಿಸಿಕೊಳ್ಳುವುದು ಯಾಕೆ? ಈ ಕರಾವಳಿಯಲ್ಲಿ ಹುಟ್ಟಿದ ಯಾರಾದರೂ ಹಾಗೇ ಹೇಳುವವರು. ಇಲ್ಲಿ ಮಳೆ ಬರುವುದು ಸಮುದ್ರದಿಂದ. ಮಿರ್ಗ, ಅಂದರೆ ಮೃಗಶಿರೆಯ ಮಳೆ, ಹಿಡಿಯುವ ಮೊದಲು ಮನೆ ಮನೆಯ ಪಡುಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಾರೆ. ಮೂಡುಗೋಡೆಗೆ ಕಟ್ಟಿದವರನ್ನು ಯಾರೂ ಕಂಡಿಲ್ಲ. "ಪಡುಬದಿ ಗಟ್ಟಿ ಆದ್ರೆ ಆತು," ಎಂದು ಸೀತೆಯೇ ಹೇಳಿದ್ದಳು.

ಅಮಾವಾಸ್ಯೆಯ ದೊಡ್ಡ ಭರತಕ್ಕೆ ದಾಸ ಆಳುಗಳನ್ನು ಕರೆತಂದು ದೋಣಿಯನ್ನು ನೀರಿಗೆ ಇಳಿಸಿದ. ಹೊಳೆಯ ನಡುವೆ ಲಂಗರು ಬಿತ್ತು. ಸೀತೆ ಪಾತಿದೋಣಿಯಲ್ಲಿ ಹೋಗಿ ಒಳಗೆ ಕೂತಳು. ನೀರಿನ ಮೇಲೆ ಬಿದ್ದ ಬಿಸಿಲು ಕಿಂಡಿಗಳಿಂದ ಹೊಕ್ಕು ಮೇಲಿನ ಹಲಗೆಯ ಮೇಲೆ ಕುಣಿಯುತ್ತಿತ್ತು. ಹುಟ್ಟಿದಾಗಿನಿಂದ ಕಾಲಲ್ಲಿ ತುಳಿದ ಹೊಳೆ ಅದು. ಅದನ್ನು ತಲೆಯ ಮೇಲೆ ಕಂಡದ್ದು ಆಗಲೇ.

ಮಿರ್ಗದ ಮಳೆ ಮಧ್ಯಾಹ್ನ ಹಿಡಿಯಿತು. ಸೀತೆ ಕೊಡೆ ಹಿಡಿದು ದಂಡೆಗೆ ಬಂದು ಹಲಸಿನ ಮರದಡಿ ನಿಂತಳು. ಕಾಗಾಲದ ದಂಡೆ ಹೊಳೆಯ ಪಡುಬದಿಗೆ; ಅಲ್ಲಿಂದ ದೋಣಿಯ ಮೂರು ಕಿಂಡಿ ನೇರ ಕಾಣುತ್ತವೆ. ಹೊಸ ಅಂಟಿನ ಕಪ್ಪು ಅಂಚು, ಕಾಡಿಗೆ ಹಚ್ಚಿದ ಕಣ್ಣಿನ ಹಾಗೆ. ಮಳೆ ಸಮುದ್ರದ ಕಡೆಯಿಂದ ಓರೆಯಾಗಿ ಬಂದು ಆ ಕಣ್ಣುಗಳಿಗೆ ಬಡಿಯಿತು. ರೋಹಿಣಿ ದೋಣಿಯ ಮೇಲಿನ ಮುಚ್ಚಳ ಎತ್ತಿ ತಲೆ ಹೊರಗೆ ಹಾಕಿ, ಕೈ ಅಲ್ಲಾಡಿಸಿ, ಮತ್ತೆ ಒಳಗೆ ಹೋದಳು. ಒಳಗೆಲ್ಲ ಒಣ ಎಂದು ಅರ್ಥ.

ಸೀತೆ ಮನೆಗೆ ಹೋಗಬಹುದಿತ್ತು. ಆದರೆ ಅವಳದು ಅರ್ಧ ನೋಡಿ ಏಳುವ ಸ್ವಭಾವವಲ್ಲ. ನಿಂತೇ ಇದ್ದಳು. ಇಳಿತ ನಿಂತಿತು. ಹೊಳೆ ಸ್ವಲ್ಪ ಹೊತ್ತು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬ ಹಾಗೆ ಸುಮ್ಮನಾಯಿತು. ಆಮೇಲೆ ಭರತ ಹಿಡಿಯಿತು. ಆಗ, ಯಾರೂ ಮುಟ್ಟದೆ, ಯಾರೂ ಹುಟ್ಟು ಹಾಕದೆ, ಆ ಬಿಳಿಯ ಮನೆ ತನ್ನಷ್ಟಕ್ಕೆ ತಿರುಗತೊಡಗಿತು. ಬಾಗಿಲು ತಿರುಗಿತು, ಕಂಬ ತಿರುಗಿತು, ಒಳಗಿದ್ದ ಹೆಂಗಸಿನ ಸಮೇತ ಎಲ್ಲ ತಿರುಗಿತು. ದಿಕ್ಕು ಎಂದರೆ ನೆಲಕ್ಕೆ ಹೊಡೆದ ಗೂಟ ಎಂದುಕೊಂಡಿದ್ದವಳು ಸೀತೆ. ಇಲ್ಲಿ ಒಂದು ಮನೆ ದಿಕ್ಕನ್ನೇ ಬಿಟ್ಟುಕೊಟ್ಟು, ನೀರು ಹೇಳಿದ ಕಡೆ ಮುಖ ಮಾಡಿ ಕೂತಿತು.

ತಿರುಗಿ ನಿಂತ ಮೇಲೆ ಅವಳತ್ತ ನೋಡುತ್ತಿದ್ದ ಕಿಂಡಿಗಳಿಗೆ ಕಪ್ಪು ಅಂಚು ಇರಲಿಲ್ಲ.

"ರೋಹಿಣೀ," ಎಂದು ಕೂಗಿದಳು. ಮಳೆಯಲ್ಲಿ ಯಾರಿಗೆ ಕೇಳಬೇಕು? ಸ್ವಲ್ಪ ಹೊತ್ತಿನಲ್ಲಿ ಮುಚ್ಚಳ ಎದ್ದಿತು. ರೋಹಿಣಿ ಎರಡು ಕೈಯಲ್ಲಿ ಕಂಬಳಿ ಎತ್ತಿ ಹಿಡಿದಳು. ಅದರಿಂದ ನೀರು ಇಳಿಯುತ್ತಿತ್ತು.

ಮರುದಿನ ದಾಸ ಸೀತೆಯನ್ನು ದಾಟಿಸಿದ. ರೋಹಿಣಿ ಕೆಮ್ಮುತ್ತ ಒದ್ದೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು.

"ನೆಲದ ಮನೆ ರಿಪೇರಿ ಮಾಡ್ದ ಹಾಗೆ ಮಾಡ್ದೆ ಸೀತಕ್ಕ. ಯಾರ್ಡಲ್ಲಿ ಮಳೆಗಾಲ ಅಂದ್ರೆ ದೋಣಿ ಎಲ್ಲ ಮಾಡಿನಡಿ. ಮಳೆಲಿ ಹೊಳೆ ಮೇಲೆ ಇದ್ದದ್ದು ಈಗ್ಲೇ."

"ನಾನೂ ಹಾಗೇ ಹೇಳಿದ್ದೆ," ಎಂದಳು ಸೀತೆ. "ನಮ್ಮನೆಗೆಲ್ಲ ಒಂದೇ ಪಡುವಣ. ಇದ್ಕೆ ಎರಡು ಅದೆ ಅಂತ ಯಾರಿಗೆ ಗೊತ್ತಿತ್ತು?"

"ಮಳೆ ಬಿಡೂದಿಲ್ಲ. ಅಂಟು ಹಿಡೀಬೇಕಾದ್ರೆ ಒಣಗಿರ್ಬೇಕು. ಆರಿದ್ರೆ ಬಂದೇಬಿಡ್ತದೆ. ನಾಗೇಶಂಗೆ ಈಗ್ಲೇ ಫೋನು ಮಾಡೂದೇ ಲಾಯಕ್ಕು."

ಸೀತೆ ಕಿಂಡಿಯ ಅಂಚನ್ನು ಬೆರಳಿನಿಂದ ಒಂದು ಸುತ್ತು ಮುಟ್ಟಿ ನೋಡಿದಳು. "ಇದ್ಕೆ ಎರಡು ಪಡುವಣ ಇದ್ರೆ ಎರಡು ತಟ್ಟಿ ಕಟ್ಟೂದು. ಅಷ್ಟೇ ಅಲ್ದಾ?"

ಮನೆಗೆ ಹೋಗಿ ಅಂಗಳದಲ್ಲಿ ನೆನೆಹಾಕಿದ್ದ ಮಡಲುಗಳನ್ನು ಎಳೆದುಕೊಂಡಳು. ತನ್ನ ಮನೆಯ ಪಡುಗೋಡೆಗೆಂದು ಇಟ್ಟದ್ದು. ಗೋಡೆ ಒಂದು ವರ್ಷ ನೆನೆದರೆ ಸಾಯುವುದಿಲ್ಲ. ಗರಿಗೆ ಗರಿ ಹೆಣೆದಳು, ನೀರು ಹರಿಯುವ ಮುಖ ಕೆಳಗೆ ಬರುವ ಹಾಗೆ. ದೋಣಿಯ ಅಂಚಿನಿಂದ ಹೊರಚಾಚಿ, ಕಿಂಡಿಗಳ ಮುಂದೆ ಮೊಳದಷ್ಟು ಸಂದಿ ಬಿಟ್ಟು, ಎರಡೂ ಬದಿಗೆ ನಾರಿನ ಹಗ್ಗದಲ್ಲಿ ತಟ್ಟಿ ಕಟ್ಟಿದರು. ಗೋವೆಯ ಬಿಳಿಯ ಹಾಯಿದೋಣಿ ಮಡಲು ಹೊದ್ದು ಹೊಳೆಯ ನಡುವೆ ಕೂತಿತು.

"ಎಂತದ್ರೇ ಇದು," ಎಂದ ದಾಸ. "ಹೊಳೆಲಿ ಕೊಟ್ಟಿಗೆ ಕಟ್ಟಿದ್ರಾ? ಎಮ್ಮೆ ಯಾವಾಗ ತತ್ರಿ?"

"ನೀ ಬಂದ್ಯಲ್ಲ, ಸಾಕು," ಎಂದಳು ರೋಹಿಣಿ. ಕೆಮ್ಮಿನ ನಡುವೆಯೂ ಅವಳು ಅಂದು ನಕ್ಕಳು.

ಮಳೆ ಬಿಟ್ಟು ಹೊಳವಾದಾಗಲೆಲ್ಲ ಕೆಲಸ. ತಟ್ಟಿಯೊಳಗಿನ ಒಣ ಸಂದಿಯಲ್ಲಿ ದಾಸನ ಪಾತಿದೋಣಿಯ ಮೇಲೆ ಮೊಣಕಾಲೂರಿ ಹೊರಗೆ ರೋಹಿಣಿ. ಸ್ಕ್ರೂವಿನ ತಲೆ ಹಿಡಿದು ಒಳಗೆ ಸೀತೆ. ಗಾಜು ತೆಗೆದ ಕಿಂಡಿಯಲ್ಲಿ ಈಗ ಸೀತೆಯ ಮುಖ.

"ಸಡಿಲ ಅದೆಯಾ?"

"ಅದೆ."

"ಹಾಗೇ ಬಿಡಿ."

ನಾಗೇಶ ಬಂದ ದಿನ ಆರಿದ್ರೆ ಮಳೆ ಆಕಾಶ ಹರಿದು ಸುರಿಯುತ್ತಿತ್ತು. ಮೊದಲು ಅವನು ಮಾಡಿದ್ದು ತಟ್ಟಿ ಬಿಚ್ಚಿಸಿದ್ದು. "ಕೊಡೆ ಹಿಡ್ಕಂಡು ಮಾಡು ಸೋರೂದಿಲ್ಲ ಅಂದ್ರೆ ಆತದಾ?" ಎಂದ. ಮಾತು ನ್ಯಾಯವಾಗಿತ್ತು. ರೋಹಿಣಿಯೇ ಹಗ್ಗ ಕತ್ತರಿಸಿದಳು.

"ಒಂದು ಭರತ, ಒಂದು ಇಳಿತ, ಎರಡೂ ಕಂಡು ಏಳ್ಬೇಕು," ಎಂದಳು ಸೀತೆ. ಅವಳೇ ಸಾಕ್ಷಿಯಲ್ಲವೇ. ಆರು ಕಿಂಡಿಗಳ ಕೆಳಗೂ ಅಕ್ಕಿಹಿಟ್ಟು ಹಚ್ಚಿಟ್ಟಿದ್ದಳು.

ಮೂವರೂ ಒಳಗೆ ಕೂತು ಮುಚ್ಚಳ ಎಳೆದುಕೊಂಡರು. ತಲೆಯ ಮೇಲೆ ಭತ್ತ ಕುಟ್ಟಿದ ಹಾಗೆ ಮಳೆ. ಇಳಿತ ಕಳೆಯಿತು. ನಾಗೇಶ ಹಾಸಿಗೆಯ ಮೇಲೆ ಅಂಗೈ ಊರಿ ಊರಿ ನೋಡಿದ. ಒಣ. ನೀರು ನಿಂತಿತು, ದೋಣಿ ತಿರುಗಿತು. ಅದು ತಿರುಗುವಾಗ ನಾಗೇಶ ಮಂಚದ ಅಂಚು ಗಟ್ಟಿಯಾಗಿ ಹಿಡಿದ. ಮಳೆ ಈಗ ಆಚೆಯ ಬದಿಗೆ ಬಡಿಯತೊಡಗಿತು. ರೋಹಿಣಿ ಕೆಮ್ಮನ್ನು ನುಂಗಿ ನುಂಗಿ ಕೂತಿದ್ದಳು.

ಬಹಳ ಹೊತ್ತಿನ ಮೇಲೆ ನಾಗೇಶ ಬಗ್ಗಿ, ನಡುವಿನ ಕಿಂಡಿಯ ಗಾಜಿಗೆ ಬೆರಳು ತಾಗಿಸಿದ. ಬೆರಳನ್ನು ಎತ್ತಿ ಹಿಡಿದ. ತುದಿಯಲ್ಲಿ ನೀರಿತ್ತು.

ಗಾಜಿನ ತುಂಬ ಸಣ್ಣ ಸಣ್ಣ ಹನಿ. ರೋಹಿಣಿ ಆ ಬೆರಳನ್ನೇ ನೋಡಿದಳು. ಆಮೇಲೆ ಮಂಚದಡಿಯ ಪೆಟ್ಟಿಗೆ ಎಳೆದು, ಗೋಡೆಗೆ ಸಿಕ್ಕಿಸಿದ್ದ ಸೀರೆಯನ್ನು ತೆಗೆದು ಮಡಚತೊಡಗಿದಳು. ಮಾತು ಎಂದರೆ ಮಾತು.

ನಾಗೇಶ ಗಾಜನ್ನು ಕೈಯ ಹಿಂಬದಿಯಿಂದ ಒಂದು ಸಲ ಒರೆಸಿದ. ದಿನಾ ಮಾಡುವವನ ಹಾಗೆ, ನೋಡದೆ ಒರೆಸಿದ. ಒರೆಸಿದ ಕೈ ಅಲ್ಲೇ ನಿಂತಿತು. ಅವನು ಕೈ ನೋಡಿದ, ಗಾಜು ನೋಡಿದ, ಮಡಚುತ್ತಿದ್ದ ಅಕ್ಕನನ್ನು ನೋಡಿದ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅಕ್ಕ ಮನೆಗೆ ಬರುತ್ತಿದ್ದಳು, ಕೋಣೆ ಇತ್ತು, ಫ್ಯಾನು ಇತ್ತು. ಅಷ್ಟೆಲ್ಲ ಅವನ ಮುಖದ ಮೇಲೆ ಹಾದುಹೋದದ್ದನ್ನು ಸೀತೆ ಕಂಡಳು.

"ಮಡಚೂದು ಬಿಡು," ಎಂದ ನಾಗೇಶ. "ಇದು ಮಳೆ ನೀರಲ್ಲ."

"ಮತ್ತೆ?"

"ಟೆಂಪೋದಲ್ಲಿ ದಿನಾ ಕಾಣ್ತೆ. ಜನ ತುಂಬಿ ಕಿಟಕಿ ಮುಚ್ಚಿದ್ರೆ ಗಾಜು ಒಳಗಿಂದ ಬೆವರ್ತದೆ. ಇದು ನಮ್ಮ ಮೂರು ಜನರ ಉಸಿರು." ಮೊಣಕಾಲ ಮೇಲೆ ಬಗ್ಗಿ ಕಿಂಡಿಯ ಕೆಳಗಿನ ಹಿಟ್ಟು ನೋಡಿದ. "ಹಿಟ್ಟಿನ ಮೇಲೆ ಗೆರೆ ಇಲ್ಲ. ನೀವೇ ನೋಡಿ ಅಮ್ಮ, ಸಾಕ್ಷಿ ನೀವು."

ಸೀತೆ ಒಂದೊಂದೇ ಕಿಂಡಿಗೆ ಹೋಗಿ, ಕಣ್ಣು ಹತ್ತಿರ ತಂದು ನೋಡಿದಳು. ಆರೂ ಕಡೆ ಹಿಟ್ಟು ಹಚ್ಚಿದ ಹಾಗೇ ಬೆಳ್ಳಗಿತ್ತು. ಗಾಜಿನ ಮೇಲೆ ಮಾತ್ರ ಹನಿಗಳು. ಹೊರಗೆ ಒಂದು ಸಮುದ್ರದಷ್ಟು ನೀರು ಬಡಿಯುತ್ತಿದೆ. ಒಳಗೆ ಬಂದದ್ದು ತಮ್ಮದೇ ಉಸಿರು, ಯಾರದು ಯಾವ ಹನಿ ಎಂದು ಹೇಳಲಾಗದ ಹಾಗೆ ಸೇರಿಕೊಂಡು. ಅವಳಿಗೆ ಅದನ್ನು ಒರೆಸುವುದಕ್ಕೆ ಕೈ ಬರಲಿಲ್ಲ.

"ಒಣ," ಎಂದಳು.

ರೋಹಿಣಿ ಸೀರೆ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ನಾಗೇಶ ಮುಚ್ಚಳವನ್ನು ಬೆರಳಷ್ಟು ಸರಿಸಿ ಗಾಳಿ ಬಿಟ್ಟ. "ಇಷ್ಟು ಬಿಟ್ಕಂಡು ಮಲಗ್ಬೇಕು. ಪೂರ್ತಿ ಮುಚ್ಚಿದ್ರೆ ಹೀಗೇ ಆತದೆ," ಎಂದು ಗದರಿದ. ಅದರ ಮೇಲೆ ಆ ವಿಷಯಕ್ಕೆ ಅವನು ಬಾಯಿ ಬಿಡಲಿಲ್ಲ.

ಆ ಮಳೆಗಾಲವೆಲ್ಲ ಸೀತೆ ದಂಡೆಯಿಂದ ನೋಡಿದಳು: ಭರತಕ್ಕೊಂದು ಮುಖ, ಇಳಿತಕ್ಕೊಂದು ಮುಖ, ಎರಡು ಬದಿಗೂ ಕಾಡಿಗೆ ಹಚ್ಚಿದ ಕಣ್ಣು. ರೋಹಿಣಿಯ ಕೆಮ್ಮು ಇಳಿಯಿತು. ಸೀತೆಯ ಪಡುಗೋಡೆ ನೆನೆದು ಒಂದು ಕಡೆ ಮಣ್ಣು ಕಳಚಿತು. ಚೌತಿಯ ಮುಂಚೆ ರೋಹಿಣಿ ಬಂದು, ಸಡಿಲ ಮಣ್ಣೆಲ್ಲ ಕೆರೆದು ತೆಗೆದು, ಒಣಗಲು ಬಿಟ್ಟು, ಮತ್ತೆ ಮೆತ್ತಿದಳು. ಅವಸರ ಮಾಡಲಿಲ್ಲ.

ದಸರೆ ಕಳೆದು ಸಮುದ್ರ ತಿಳಿಯಾದಾಗ ಹೊನ್ನಾವರದ ಬಂದರಿನಿಂದ ಕರೆ ಬಂತು. ಅಲ್ಲಿಯ ಕೆಲಸ ಮುಗಿಸಿ ಭಟ್ಕಳಕ್ಕೆ. ಹೊರಡುವ ದಿನ ನಾಗೇಶ ಬ್ಯಾಟರಿಯಲ್ಲಿ ತಿರುಗುವ ಒಂದು ಪುಟ್ಟ ಫ್ಯಾನು ತಂದು, ಮಂಚದ ತಲೆಕಡೆಗೆ ಸ್ಕ್ರೂ ಹಾಕಿ ಹೋದ. ದಾಸ ಹೊಳೆಯ ಬಾಯಿಯವರೆಗೆ ಮುಂದೆ ಮುಂದೆ ಪಾತಿದೋಣಿ ನಡೆಸುತ್ತೇನೆ ಎಂದ, ಕೊಟ್ಟಿಗೆಗೆ ದಾರಿ ತೋರಿಸಲು.

ಸೀತೆ ಹೊಳೆ ಸಮುದ್ರಕ್ಕೆ ತಿರುಗುವ ಮೂಲೆಯವರೆಗೆ ನಡೆದು ಹೋಗಿ, ಒಂದು ಬಂಡೆಯ ಮೇಲೆ ಕೂತಳು. ಇಳಿತದ ಜೊತೆ ಬಿಳಿಯ ದೋಣಿ ಮೆಲ್ಲಗೆ ಬಂತು, ಎದುರು ಹಾದುಹೋಯಿತು, ಅಲೆಗಳ ಸಾಲು ದಾಟಿತು. ಇಷ್ಟು ತಿಂಗಳು ಬರಿಗಂಬವನ್ನು ಮಾತ್ರ ಕಂಡಿದ್ದಳು. ಆ ಕಂಬದ ಬುಡದಿಂದ ಈಗ ಬೆಳ್ಳಗಿನದೊಂದು ಮೇಲೇರತೊಡಗಿತು. ಏರಿತು, ಏರುತ್ತಲೇ ಹೋಯಿತು. ತುದಿ ಮುಟ್ಟಿ, ಒಂದು ಸಲ ಪಟಪಟ ಬಡಿದು, ಆಮೇಲೆ ಗಾಳಿ ತುಂಬಿ ಸುಮ್ಮನಾಯಿತು. ದೋಣಿ ಒಂದು ಪಕ್ಕಕ್ಕೆ ವಾಲಿ, ಬಡಗಣವೂ ಅಲ್ಲ ಪಡುವಣವೂ ಅಲ್ಲ, ತೆಂಕಣಕ್ಕೆ ತಿರುಗಿತು. ಈ ಸಲ ನೀರು ತಿರುಗಿಸಿದ್ದಲ್ಲ. ರೋಹಿಣಿಯೇ ತಿರುಗಿಸಿದ್ದು.

ಸೀತೆ ಎದ್ದು ನಿಂತಿದ್ದಳು. ಯಾವಾಗ ಎದ್ದಳೆಂದು ಅವಳಿಗೇ ಗೊತ್ತಿರಲಿಲ್ಲ.

ಸೊಂಟದಲ್ಲಿ ಸಿಕ್ಕಿಸಿದ ಫೋನು ಬಡಿದುಕೊಂಡಿತು. ಹಸಿರು ಗುಂಡಿ ಒತ್ತಿ ಕಿವಿಗಿಟ್ಟಳು. ಗಾಳಿಯ ಸದ್ದು, ನೀರಿನ ಸದ್ದು, ಅದರೊಳಗಿಂದ ರೋಹಿಣಿಯ ದನಿ.

"ಸೀತಕ್ಕ, ಹಾಯಿ ಏರಿಸ್ದೆ. ನಂಗೆ ಇಲ್ಲಿಂದ ಬರೀ ಹಗ್ಗ ಮತ್ತೆ ಬಟ್ಟೆ ಕಾಣ್ತದೆ. ನೀವು ಹೊರಗೆ ಅಲ್ದಾ? ಅಲ್ಲಿಂದ ನೋಡಿದ್ರೆ ಹೇಗೆ ಕಾಣ್ತದೆ?"